ಮನೆದೀಪದ ಲೆಕ್ಕ

ಕಳೆದ ತಿಂಗಳು ಒಂದು ಸಂಜೆ ನಮ್ಮ ನಡುಮನೆಯ ದೀಪವು ಎರಡು ಬಾರಿ ಮಿಣುಕಿ ಶಾಂತವಾಯಿತು. ‘ಆರಿತು’ ಎಂದು ಬರೆಯಲು ಈಗಲೂ ನಮಗೆ ಕೈ ಬಾರದು. ದೀಪದ ವಿಷಯದಲ್ಲಿ ಆ ಮಾತನ್ನಾಡಕೂಡದೆಂದು ನಮ್ಮ ಹಿರಿಯರು ಕಲಿಸಿದ್ದರು. ಆ ದೀಪವನ್ನು ಕೊಂಡು ಎಂಟು ತಿಂಗಳು ಮಾತ್ರವೇ ಆಗಿದ್ದಿತು. ಅದು ಬಂದ ಡಬ್ಬಿಯ ಮೇಲಾದರೋ 25,000 ಗಂಟೆಗಳ ಕಾಲ ಬಾಳುವುದೆಂದು ಅಚ್ಚಾಗಿದ್ದಿತು. ದಿನಕ್ಕೆ ಐದು ಗಂಟೆಯಂತೆ ಉರಿಸಿದರೆ ಹದಿಮೂರು ವರ್ಷಕ್ಕೂ ಮೀರಿದ ಆಯುಸ್ಸು! ಇಂತಹ ಅಲ್ಪಾಯುವನ್ನು ಮಾರಿದ ಅಂಗಡಿಯವನೊಡನೆ ಜಗಳವಾಡಿಯೇ ಬಿಡಬೇಕೆಂದು ಚಪ್ಪಲಿ ಮೆಟ್ಟಿ ಹೊರಟವರು, ಹೊಸಿಲು ದಾಟುವಷ್ಟರಲ್ಲಿ ನಿಂತೆವು.

ಜಗಳವಾಡುವುದು ಎಷ್ಟು ಹಣಕ್ಕಾಗಿ? ಎಪ್ಪತ್ತು ರೂಪಾಯಿಗಾಗಿ. ಆ ಎಪ್ಪತ್ತು ರೂಪಾಯಿಯ ವಸ್ತುವು ಎಂಟು ತಿಂಗಳ ಕಾಲ ಪ್ರತಿ ರಾತ್ರಿಯೂ ನಮಗೆ ಕೊಟ್ಟುದೇನು? ಎಪ್ಪತ್ತು ಮೇಣದ ಬತ್ತಿಗಳನ್ನು ಒಮ್ಮೆಗೇ ಹೊತ್ತಿಸಿಟ್ಟರೆ ಎಷ್ಟು ಬೆಳಕಾಗುವುದೋ ಹೆಚ್ಚುಕಡಮೆ ಅಷ್ಟು ಬೆಳಕನ್ನು. ಪತ್ರಿಕೆಗಳನ್ನು ಬಿಡಿಸಿದರೆ ಆಕಾಶನೌಕೆಗಳ ಸುದ್ದಿ, ಕೃತಕ ಬುದ್ಧಿಯ ಸುದ್ದಿ, ಪೇಟೆಯ ಏರಿಳಿತದ ಸುದ್ದಿ. ಅವೆಲ್ಲವನ್ನೂ ನಾವು ಆಸಕ್ತಿಯಿಂದಲೇ ಓದುವೆವು. ಆದರೆ ನಮ್ಮ ಕಾಲದ ಬಲು ದೊಡ್ಡ ವಿಜ್ಞಾನಕಾರ್ಯವೊಂದು, ಅದಕ್ಕೆ ಸರಿದೂಗುವ ಅರ್ಥಶಾಸ್ತ್ರದ ಕೌತುಕವೊಂದು, ನಮ್ಮ ನಮ್ಮ ತಲೆಯ ಮೇಲೆಯೇ ತೂಗಾಡುತ್ತಿರುವಾಗ ಅದನ್ನು ಕತ್ತೆತ್ತಿ ನೋಡಿದವರು ಎಷ್ಟು ಮಂದಿ? ಈ ತಿಂಗಳು ಆ ದೀಪದ ಲೆಕ್ಕವನ್ನು ವಾಚಕರ ಮುಂದಿಡಬೇಕೆಂದು ಮನಸ್ಸು ಮಾಡಿದ್ದೇವೆ.

ಲೆಕ್ಕವನ್ನು ಹಿಂದಿನಿಂದ ಎತ್ತಿಕೊಳ್ಳುವುದು ಮೇಲು. ನಾವು ಹುಟ್ಟಿ ಬೆಳೆದದ್ದು ಹಾಸನದ ಕಡೆಯ ಒಂದು ಹಳ್ಳಿಯಲ್ಲಿ. ಅಲ್ಲಿಗೆ ವಿದ್ಯುತ್ತಿನ ಕಂಬ ಬಂದದ್ದು 1960ರ ದಶಕದ ಕೊನೆಗೆ. ಅಲ್ಲಿಯ ಪರ್ಯಂತ ಮನೆಯಲ್ಲಿದ್ದುದು ಒಂದು ಲಾಟೀನು, ಅಡುಗೆಮನೆಯ ಗೂಡಿನಲ್ಲಿ ಹೊಗೆಯುಗುಳುವ ಒಂದು ಬುಡ್ಡಿದೀಪ, ದೇವರ ಮುಂದೆ ಎಳ್ಳೆಣ್ಣೆಯ ಸೊಡರು. ಬೈಗಾಗುವ ಮುನ್ನ ಲಾಟೀನಿನ ಗಾಜನ್ನು ಬೂದಿ ಹಚ್ಚಿ ಉಜ್ಜಿ ಹೊಳೆಯಿಸುವ ಕೆಲಸ ನಮ್ಮ ಅಕ್ಕನದು. ಅವಳ ಕೈ ಸಣ್ಣದು. ಗಾಜಿನೊಳಕ್ಕೆ ಸಲೀಸಾಗಿ ಹೋಗುತ್ತಿದ್ದಿತು. ಗಾಜನ್ನು ಬೆಳಗಿದವಳು ಅವಳಾದರೂ ಅದರ ಬೆಳಕಿನ ಮುಂದಣ ಸ್ಥಳ ಅವಳದಾಗಿರಲಿಲ್ಲ. ಅಣ್ಣ ಲಾಟೀನಿನ ಒಂದು ಪಕ್ಕದಲ್ಲಿ ಓದುವನು. ಇನ್ನೊಂದು ಪಕ್ಕದಲ್ಲಿ ನಾವು ಅಕ್ಷರ ತಿದ್ದುವೆವು. ಅಕ್ಕ ನಮ್ಮ ಬೆನ್ನ ಹಿಂದೆ, ನಮ್ಮ ನೆರಳಿನಲ್ಲಿ, ಪುಸ್ತಕವನ್ನು ಓರೆಯಾಗಿ ಹಿಡಿದು ಕುಳಿತಿರುವಳು. ಎಂಟು ಗಂಟೆಯಾಗುತ್ತಲೇ ಒಳಗಿನಿಂದ ‘ಎಣ್ಣೆ ಸುಡಬೇಡಿರಿ’ ಎಂಬ ಕೂಗು. ಅಣ್ಣನಿಗೆ ದೊಡ್ಡ ಪರೀಕ್ಷೆ ಬಂದ ವರ್ಷ ಲಾಟೀನು ಪೂರಾ ಅವನ ಪಾಲಾಯಿತು. ಅದೇ ವರ್ಷ ಅಕ್ಕನ ಓದು ನಿಂತಿತು. ಎಣ್ಣೆಯೊಂದೇ ಅದಕ್ಕೆ ಕಾರಣವೆಂದು ನಾವು ಹೇಳುವುದಿಲ್ಲ. ಆದರೆ ಕಾರಣಗಳಲ್ಲಿ ಎಣ್ಣೆಯೂ ಒಂದಾಗಿದ್ದಿತು.

ಹೀಗೆ ಬೆಳಕಿಗಾಗಿ ಮನುಷ್ಯನು ತೆತ್ತ ಬೆಲೆಯನ್ನು ಒಬ್ಬ ಪಂಡಿತರು ಕುಳಿತು ಅಳೆದಿದ್ದಾರೆ. ಅವರು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರಾದ ವಿಲಿಯಂ ನಾರ್ಡ್‌ಹೌಸ್. 2018ರಲ್ಲಿ ನೊಬೆಲ್ ಬಹುಮಾನ ಪಡೆದವರು. ಪ್ರಾಚೀನ ರೋಮಿನ ಕಾಲದ ಒಂದು ಮಣ್ಣಿನ ಸೊಡರನ್ನು ಇವರು ಕೊಂಡು ತಂದು, ಅದಕ್ಕೆ ಎಳ್ಳೆಣ್ಣೆ ಹೊಯ್ದು ಬತ್ತಿಯಿಟ್ಟು ಹೊತ್ತಿಸಿ, ಬೆಳಕನ್ನಳೆಯುವ ಉಪಕರಣವನ್ನು ಅದರ ಮುಂದೆ ಹಿಡಿದರು. ನಮ್ಮ ಅಜ್ಜಿಯರು ನಿತ್ಯವೂ ಮಾಡುತ್ತಿದ್ದ ಕೆಲಸವೇ ಸರಿ, ಅಳತೆಯೊಂದು ಹೊರತು! ಅವರು ಕೇಳಿದ ಪ್ರಶ್ನೆ ಇದು: ಇಂತಿಷ್ಟು ಬೆಳಕನ್ನು ಪಡೆಯಲು ಒಬ್ಬ ಸಾಧಾರಣ ಕೂಲಿಕಾರನು ಎಷ್ಟು ಹೊತ್ತು ದುಡಿಯಬೇಕಾಗಿದ್ದಿತು? ಬೆಳಕನ್ನು ಅಳೆಯುವ ಮಾನಕ್ಕೆ ಲೂಮೆನ್ ಎಂದು ಹೆಸರು; ಒಂದು ಮೇಣದ ಬತ್ತಿಯದು ಸುಮಾರು ಹನ್ನೆರಡು ಲೂಮೆನ್. ಸಾವಿರ ಲೂಮೆನ್ ಬೆಳಕು ಒಂದು ಗಂಟೆ ಇರಬೇಕಾದರೆ, ಹಳೆಯ ಬ್ಯಾಬಿಲೋನಿನ ಕೂಲಿಯವನು ನಲವತ್ತೊಂದು ಗಂಟೆಗೂ ಮೀರಿ ದುಡಿದು ಎಣ್ಣೆ ಕೊಳ್ಳಬೇಕಾಗಿದ್ದಿತು. 1800ರ ಸುಮಾರಿಗೆ, ಕೊಬ್ಬಿನ ಬತ್ತಿಗಳ ಕಾಲಕ್ಕೆ, ಅದು ಐದು ಗಂಟೆ ಚಿಲ್ಲರೆಗೆ ಇಳಿಯಿತು. 1992ಕ್ಕೆ ಅಮೆರಿಕದಲ್ಲಿ ಅರ್ಧ ಸೆಕೆಂಡೂ ಇಲ್ಲ. ಈ ಲೆಕ್ಕವನ್ನು ಅವರು ಪ್ರಕಟಿಸಿದ್ದು 1996ರಲ್ಲಿ.

ಇದನ್ನು ಓದಿದಾಗ ನಾವೂ ಕಾಗದ ಹಿಡಿದು ಕುಳಿತೆವು. ಒಂಬತ್ತು ವಾಟಿನ ಈಗಿನ ದೀಪ ಸುಮಾರು 900 ಲೂಮೆನ್ ಕೊಡುವುದು. ಸಾವಿರ ಲೂಮೆನ್ನಿನ ಒಂದು ಗಂಟೆಗೆ ಅದಕ್ಕೆ ತಗಲುವ ವಿದ್ಯುತ್ತು ಒಂದು ಯೂನಿಟ್ಟಿನ ನೂರರಲ್ಲೊಂದು ಪಾಲು. ಯೂನಿಟ್ಟಿಗೆ ಆರು ರೂಪಾಯಿ ಎಂದಿಟ್ಟುಕೊಂಡರೆ ಆರು ಪೈಸೆ. ದಿನಕ್ಕೆ ಎಂಟು ಗಂಟೆ ದುಡಿದು ಐನೂರು ರೂಪಾಯಿ ತರುವವನೊಬ್ಬನಿಗೆ ಅದು ಮೂರೂವರೆ ಸೆಕೆಂಡಿನ ದುಡಿಮೆ. ಮಂಕರಿಯನ್ನು ತಲೆಗೇರಿಸುವಷ್ಟು ಹೊತ್ತು. ಲಾಟೀನಿನ ಕಾಲದಲ್ಲಿ ಇಷ್ಟು ಬೆಳಕನ್ನು ಒಂದು ರಾತ್ರಿ ಬಯಸಿದ್ದರೆ ಹತ್ತಿಪ್ಪತ್ತು ಲಾಟೀನುಗಳನ್ನು ಸಾಲಾಗಿಟ್ಟು, ತಿಂಗಳ ಸೀಮೆಎಣ್ಣೆಯನ್ನು ಒಂದೆರಡು ರಾತ್ರಿಯಲ್ಲಿ ಮುಗಿಸಬೇಕಾಗುತ್ತಿದ್ದಿತು. ಮದುವೆಯ ಮನೆಯಲ್ಲಿಯೂ ಯಾರೂ ಹಾಗೆ ಮಾಡುತ್ತಿರಲಿಲ್ಲ.

ವಿದ್ಯುದ್ದೀಪವೆಂಬುದು ನಮ್ಮ ನಾಡಿಗೆ ಹೊಸದೇನೂ ಅಲ್ಲ. 1902ರಲ್ಲಿಯೇ ಶಿವನಸಮುದ್ರದಲ್ಲಿ ಕಾವೇರಿಯ ಧುಮುಕಿನಿಂದ ಹುಟ್ಟಿಸಿದ ವಿದ್ಯುತ್ತು ತೊಂಬತ್ತೆರಡು ಮೈಲಿ ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಸೇರಿತು. 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂದಿತು. ಗಣಿಗೆ ಬಂದ ಬೆಳಕು ನಮ್ಮ ಹಳ್ಳಿಯ ಲಾಟೀನಿನ ಬಳಿಗೆ ಬರಲು ಮತ್ತೆ ಅರುವತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತೆಂಬುದು ಬೇರೆ ಮಾತು. ಕಡೆಗೆ ಬಂದಾಗಲೂ ಬಂದದ್ದು ಗಾಜಿನ ಬುರುಡೆಯ ಬಲ್ಬು. ಅದರೊಳಗೆ ಒಂದು ಸಣ್ಣ ಟಂಗ್‌ಸ್ಟನ್ ತಂತಿ. ವಿದ್ಯುತ್ತು ಹರಿದು ಆ ತಂತಿ ಕಾದು ಬೆಳ್ಳಗಾದರೆ ಬೆಳಕು. ನಿಜವಾಗಿ ಹೇಳುವುದಾದರೆ ಅದು ದೀಪವಲ್ಲ, ಒಲೆ. ನೂರು ಪಾಲು ವಿದ್ಯುತ್ತಿನಲ್ಲಿ ಬೆಳಕಾಗುವುದು ಐದು ಪಾಲು ಮಾತ್ರ. ಮಿಕ್ಕುದೆಲ್ಲವೂ ಶಾಖವಾಗಿ ವ್ಯರ್ಥ. ಅಂತಹ ಬಲ್ಬನ್ನು ಬರಿಗೈಯಿಂದ ಮುಟ್ಟಿ ಬೆರಳು ಸುಟ್ಟುಕೊಂಡವರು ಇದನ್ನು ಯಾವ ಪಂಡಿತನಿಂದಲೂ ಕೇಳಿ ತಿಳಿಯಬೇಕಾಗಿಲ್ಲ.

ಏನನ್ನೂ ಕಾಯಿಸದೆ ವಿದ್ಯುತ್ತನ್ನು ನೇರವಾಗಿ ಬೆಳಕನ್ನಾಗಿ ಮಾರ್ಪಡಿಸಲಾಗದೆ? ಆಗುವುದೆಂಬ ಸುಳಿವು 1907ರಲ್ಲಿಯೇ ಸಿಕ್ಕಿತ್ತು. ಹೆನ್ರಿ ರೌಂಡ್ ಎಂಬ ಆಂಗ್ಲ ಇಂಜಿನಿಯರು ಸಾಣೆಯ ಪುಡಿಗೆ ಬಳಸುವ ಸಿಲಿಕಾನ್ ಕಾರ್ಬೈಡಿನ ಹರಳಿಗೆ ವಿದ್ಯುತ್ತನ್ನು ಹಾಯಿಸಿದಾಗ ಅದು ತಣ್ಣಗಿದ್ದುಕೊಂಡೇ ಮಿನುಗಿತು. 1920ರ ದಶಕದಲ್ಲಿ ರಷ್ಯದ ಓಲೆಗ್ ಲೋಸೆವ್ ಎಂಬ ತರುಣನು ಈ ಮಿನುಗನ್ನು ಬಹಳ ಶ್ರದ್ಧೆಯಿಂದ ಅಭ್ಯಾಸ ಮಾಡಿದನು. ಅವನು 1942ರಲ್ಲಿ, ಲೆನಿನ್‌ಗ್ರಾಡಿನ ಮುತ್ತಿಗೆಯ ಕಾಲದಲ್ಲಿ, ಹಸಿವಿನಿಂದ ಸತ್ತನು. ಆಗ ಅವನಿಗೆ ಮೂವತ್ತೆಂಟು ವರ್ಷ. ತರುವಾಯ 1962ರಲ್ಲಿ ಅಮೆರಿಕದ ನಿಕ್ ಹಾಲೊನ್ಯಾಕ್ ಕಣ್ಣಿಗೆ ಕಾಣುವ ಕೆಂಪು ಬೆಳಕನ್ನು ಇಂತಹ ಹರಳಿನಿಂದ ಹೊರಡಿಸಿದರು. ಇದಕ್ಕೇ ಎಲ್.ಇ.ಡಿ., ಅಂದರೆ ಬೆಳಕು ಸೂಸುವ ಡಯೋಡ್, ಎಂಬ ಹೆಸರು. ಮುಂದೊಂದು ದಿನ ಗಾಜಿನ ಬುರುಡೆಯ ದೀಪವನ್ನು ಇದು ಮೂಲೆಗೆ ತಳ್ಳುವುದೆಂದು ಅವರು ಮರುವರ್ಷವೇ ನುಡಿದರು. ಆ ಭವಿಷ್ಯ ಅಚ್ಚಾದದ್ದು ಮನೆಮಂದಿ ಓದುವ ಒಂದು ಮಾಸಪತ್ರಿಕೆಯಲ್ಲಿ. ಮಾಸಪತ್ರಿಕೆಗಳನ್ನು ಹಗುರವಾಗಿ ಕಾಣುವವರು ಇದನ್ನು ಗಮನಿಸಲಿ.

ಈ ಡಯೋಡಿನ ಕೆಲಸವನ್ನು ತಿಳಿಯಲು ಶಿವನಸಮುದ್ರವನ್ನೇ ನೆನೆಯೋಣ. ನೀರು ಎತ್ತರದಿಂದ ಕೆಳಕ್ಕೆ ಬೀಳುವಾಗ ತನ್ನಲ್ಲಿದ್ದ ಶಕ್ತಿಯನ್ನು ಬಿಟ್ಟುಕೊಡುವುದಷ್ಟೆ. ಡಯೋಡಿನಲ್ಲಿ ಎರಡು ಪದರಗಳುಂಟು. ಒಂದರಲ್ಲಿ ಎಲೆಕ್ಟ್ರಾನುಗಳು ಬೇಕಾದುದಕ್ಕಿಂತ ಹೆಚ್ಚು. ಇನ್ನೊಂದರಲ್ಲಿ ಕೊರತೆ, ಎಂದರೆ ಖಾಲಿ ಹಳ್ಳಗಳು. ವಿದ್ಯುತ್ತಿನ ಒತ್ತಡ ಕೊಟ್ಟೊಡನೆ ಎಲೆಕ್ಟ್ರಾನುಗಳು ಎರಡು ಪದರಗಳ ಎಲ್ಲೆಯಲ್ಲಿ ಆ ಹಳ್ಳಗಳಿಗೆ ಧುಮುಕುವುವು. ಧುಮುಕುವಾಗ ಬಿಟ್ಟ ಶಕ್ತಿಯೇ ಬೆಳಕು. ಧುಮುಕಿನ ಎತ್ತರ ಸಣ್ಣದಾದರೆ ಕೆಂಪು, ಇನ್ನೂ ದೊಡ್ಡದಾದರೆ ಹಸುರು, ಅದಕ್ಕಿಂತ ದೊಡ್ಡದಾದರೆ ನೀಲಿ. ಆ ಎತ್ತರವು ಹರಳು ಯಾವುದು ಎಂಬುದನ್ನು ಹೊಂದಿಕೊಂಡಿರುವುದು. ಕೆಂಪು ಸುಲಭವಾಗಿ ಬಂದಿತು. ಮಂಕಾದ ಹಸುರು ಬಂದಿತು. ನೀಲಿ ಮಾತ್ರ ಮೂವತ್ತು ವರ್ಷ ಬರಲೇ ಇಲ್ಲ. ನೀಲಿಯಿಲ್ಲದೆ ಬಿಳಿಯಿಲ್ಲ. ಬಿಳಿಯಿಲ್ಲದ ದೀಪವನ್ನು ರೇಡಿಯೋ ಪೆಟ್ಟಿಗೆಯ ಮೇಲೆ ಚುಕ್ಕೆಯಾಗಿ ಇಡಬಹುದಲ್ಲದೆ ಅದರ ಕೆಳಗೆ ಕುಳಿತು ಓದಲಾಗದು.

ನೀಲಿಗೆ ತಕ್ಕ ಹರಳು ಗ್ಯಾಲಿಯಂ ನೈಟ್ರೈಡ್ ಎಂಬುದು ಗೊತ್ತಿದ್ದಿತು. ಅದನ್ನು ಬೆಳೆಸುವುದು ಗೊತ್ತಿರಲಿಲ್ಲ. ಹರಳನ್ನು ಬೆಳೆಸಬೇಕಾದರೆ ಇನ್ನೊಂದು ಹರಳನ್ನು ಹಾಸಾಗಿ ಇಡಬೇಕು. ಹಾಸಾಗಿ ದೊರೆತದ್ದು ಕೃತಕ ಇಂದ್ರನೀಲ. ಆದರೆ ಎರಡರ ಅಣುಗಳ ಅಂತರಕ್ಕೂ ನೂರಕ್ಕೆ ಹದಿನಾರರಷ್ಟು ವ್ಯತ್ಯಾಸ. ಒಂದಳತೆಯ ಹಂಚಿಗೆ ಹೊಡೆದ ರೀಪಿನ ಮೇಲೆ ಮತ್ತೊಂದಳತೆಯ ಹಂಚನ್ನು ಹೊದಿಸಿದರೆ ಮನೆಯ ಗತಿಯೇನು? ಹರಳು ಬಿರಿಯುತ್ತಿದ್ದಿತು, ಮಸುಕಾಗುತ್ತಿದ್ದಿತು. ಲೋಕದ ಬಹುಮಂದಿ ವಿಜ್ಞಾನಿಗಳು ಇದನ್ನು ಕೈಬಿಟ್ಟು ಸತುವಿನ ಸೆಲಿನೈಡ್ ಎಂಬ ಬೇರೊಂದು ಪದಾರ್ಥದ ಹಿಂದೆ ಹೋದರು.

ಕೈಬಿಡದೆ ನಿಂತವರು ಜಪಾನಿನ ನಗೋಯಾ ವಿಶ್ವವಿದ್ಯಾಲಯದ ಇಸಾಮು ಅಕಸಾಕಿ ಮತ್ತು ಅವರ ಶಿಷ್ಯ ಹಿರೋಷಿ ಅಮಾನೊ. ಶಿಷ್ಯನು ಸಾವಿರಕ್ಕೂ ಮಿಕ್ಕ ಬಾರಿ ಕುಲುಮೆಯನ್ನು ಹೂಡಿದನು. ಕಡೆಗೆ 1986ರಲ್ಲಿ, ಎರಡು ಹರಳುಗಳ ನಡುವೆ ಅಲ್ಯೂಮಿನಿಯಂ ನೈಟ್ರೈಡಿನ ಒಂದು ತೆಳುಪದರವನ್ನು ಕಡಮೆ ಶಾಖದಲ್ಲಿ ಹರಡಿದಾಗ, ಅದರ ಮೇಲೆ ಗಾಜಿನಂತೆ ತಿಳಿಯಾದ ಹರಳು ಬೆಳೆಯಿತು. ಏರುತಗ್ಗಿನ ನೆಲಕ್ಕೆ ಗಚ್ಚು ಎಳೆದು ಮೇಲೆ ಕಲ್ಲು ಹಾಸಿದ ಹಾಗೆ. ಇಷ್ಟರಿಂದಲೇ ಕೆಲಸ ಮುಗಿಯಲಿಲ್ಲ. ಹಳ್ಳಗಳುಳ್ಳ ಪದರವನ್ನು ಮಾಡುವುದು ಅಸಾಧ್ಯವೆಂದೇ ಹಲವರು ನಂಬಿದ್ದರು. 1989ರಲ್ಲಿ ಎಲೆಕ್ಟ್ರಾನುಗಳ ಧಾರೆಯನ್ನು ಸುರಿದು ಇವರು ಅದನ್ನೂ ಸಾಧಿಸಿದರು.

ಇನ್ನೊಂದು ಕಡೆ, ಅನಾನ್ ಎಂಬ ಸಣ್ಣ ಊರಿನಲ್ಲಿ, ಟ್ಯೂಬ್ ಲೈಟುಗಳ ಒಳಮೈಗೆ ಹಚ್ಚುವ ಹೊಳೆಪುಡಿಯನ್ನು ತಯಾರಿಸುವ ನಿಚಿಯಾ ಎಂಬ ಕಾರ್ಖಾನೆಯಿದ್ದಿತು. ಅಲ್ಲಿನ ನೌಕರರಾದ ಷೂಜಿ ನಕಮುರಾ ಕಾರ್ಖಾನೆಯ ಸ್ಥಾಪಕರನ್ನು ಒಪ್ಪಿಸಿ ಹಣ ಪಡೆದು ಇದೇ ಹರಳಿಗೆ ಕೈಹಾಕಿದರು. ಕುಲುಮೆಯನ್ನು ತಾವೇ ಕಳಚಿ ತಾವೇ ಕೂಡಿಸಿ, ಹರಳಿಗೆ ಅನಿಲವನ್ನು ಪಕ್ಕದಿಂದಲೂ ಮೇಲಿನಿಂದಲೂ ಹಾಯಿಸುವ ಹೊಸ ವಿಧಾನವನ್ನು ಕಂಡುಕೊಂಡರು. ಎಲೆಕ್ಟ್ರಾನಿನ ಧಾರೆಯ ಬದಲು ಬರಿಯ ಶಾಖದಿಂದಲೇ ಆ ಎರಡನೆಯ ಪದರ ಸಿದ್ಧವಾಗುವುದೆಂದು 1992ರಲ್ಲಿ ತೋರಿಸಿದರು. ಮರುವರ್ಷ ಕಾರ್ಖಾನೆಯು ಕಣ್ಣು ಕೋರೈಸುವ ನೀಲಿ ದೀಪವನ್ನು ಲೋಕದ ಮುಂದಿಟ್ಟಿತು. ಈ ಶೋಧನೆಗಾಗಿ ಅವರಿಗೆ ಕಾರ್ಖಾನೆ ಕೊಟ್ಟ ಇನಾಮು 20,000 ಯೆನ್. ಒಂದು ಒಳ್ಳೆಯ ಊಟದ ಕೂಟಕ್ಕೆ ಸಾಲುವಷ್ಟು. ಅವರು ಕೆಲಸ ಬಿಟ್ಟು ಅಮೆರಿಕಕ್ಕೆ ಹೋದರು, ಮೊಕದ್ದಮೆ ನಡೆಯಿತು. 2004ರಲ್ಲಿ ಟೋಕಿಯೋ ನ್ಯಾಯಾಲಯವು 2,000 ಕೋಟಿ ಯೆನ್ ಕೊಡಬೇಕೆಂದಿತು. ಕಡೆಗೆ 2005ರಲ್ಲಿ ಸುಮಾರು 84 ಕೋಟಿ ಯೆನ್ನಿಗೆ ರಾಜಿಯಾಯಿತು. 2014ರಲ್ಲಿ ಅಕಸಾಕಿ, ಅಮಾನೊ, ನಕಮುರಾ ಮೂವರಿಗೂ ಭೌತವಿಜ್ಞಾನದ ನೊಬೆಲ್ ಬಹುಮಾನ ಬಂದಿತು. ಕೆಂಪಿನ ಹಾಲೊನ್ಯಾಕರಿಗೆ ಪಾಲು ಬರಲಿಲ್ಲ. ಅವರು ಅದನ್ನು ನೊಂದುಕೊಂಡೇ ನುಡಿದರು. ನಮಗೂ ಅದು ಸರಿಯೆಂದು ತೋರುವುದಿಲ್ಲ.

ನೀಲಿಯಿಂದ ಬಿಳಿಯಾದದ್ದು ಹೇಗೆ? ಇದನ್ನು ನಮ್ಮ ಗೃಹಿಣಿಯರಿಗೆ ವಿವರಿಸಬೇಕಾದುದೇ ಇಲ್ಲ. ಹಳದಿಗಟ್ಟಿದ ಪಂಚೆಯನ್ನು ನೀಲಿ ಬೆರೆಸಿದ ನೀರಿನಲ್ಲಿ ಅದ್ದಿ ಹಿಂಡಿದರೆ ಕಣ್ಣಿಗೆ ಅಚ್ಚಬಿಳಿಯಾಗಿ ಕಾಣುವುದಷ್ಟೆ! ಹೋಲಿಕೆ ಪೂರ್ಣವಲ್ಲದಿದ್ದರೂ ಕಣ್ಣಿನ ಮಟ್ಟಿಗೆ ಸಂಗತಿ ಒಂದೇ: ಹಳದಿಯೂ ನೀಲಿಯೂ ತಕ್ಕ ಪ್ರಮಾಣದಲ್ಲಿ ಕೂಡಿದರೆ ಬಿಳಿ. ನೀಲಿ ದೀಪದ ಮೇಲೆ ಹಳದಿ ಹೊಳೆಪುಡಿಯನ್ನು ಲೇಪಿಸಿದರೆ ನೀಲಿಯ ಒಂದು ಪಾಲು ಹಳದಿಯಾಗಿ ಮಾರ್ಪಟ್ಟು, ಉಳಿದ ನೀಲಿಯೊಡನೆ ಬೆರೆತು ಬಿಳಿಯಾಗುವುದು. ಹೊಳೆಪುಡಿಯೇ ಕಸುಬಾಗಿದ್ದ ಆ ಕಾರ್ಖಾನೆಗೆ ಇದು ಮನೆಯ ವಿದ್ಯೆ. 1996ರಲ್ಲಿ ಬಿಳಿಯ ದೀಪ ಹೊರಬಿದ್ದಿತು. ಕೆಟ್ಟ ಬಲ್ಬಿನ ಮುಚ್ಚಳ ತೆಗೆದರೆ ಕಾಣುವ ಹಳದಿ ಚುಕ್ಕೆಗಳು ಈ ಪುಡಿಯವೇ.

ವಿಜ್ಞಾನದ ಕಥೆ ಇಲ್ಲಿಗೆ ನಿಂತಿದ್ದರೆ ನಮ್ಮ ನಡುಮನೆಗೆ ಅದರಿಂದ ಏನೂ ಆಗುತ್ತಿರಲಿಲ್ಲ. 2014ರ ಆರಂಭದಲ್ಲಿ ಭಾರತ ಸರ್ಕಾರದ ಸಂಸ್ಥೆಯೊಂದು ಸಗಟಾಗಿ ಕೊಂಡಾಗಲೂ ಒಂದು ಎಲ್.ಇ.ಡಿ. ಬಲ್ಬಿನ ಬೆಲೆ 310 ರೂಪಾಯಿಯಾಗಿದ್ದಿತು. ಹತ್ತು ಹನ್ನೆರಡು ರೂಪಾಯಿಯ ಗಾಜಿನ ಬಲ್ಬನ್ನು ಬಿಟ್ಟು ಇದನ್ನು ಯಾವ ಬಡವನು ಕೊಳ್ಳುವನು? ಮುಂದೆ ಎಷ್ಟೇ ಉಳಿತಾಯವಾಗಲಿ, ಈ ಹೊತ್ತು ಕೈಯಲ್ಲಿ ಕಾಸಿಲ್ಲದವನಿಗೆ ಅದು ಉಳಿತಾಯವಲ್ಲ. 2015ರ ಜನವರಿಯಲ್ಲಿ ಆರಂಭವಾದ ಉಜಾಲಾ ಯೋಜನೆಯು ಈ ಗಂಟನ್ನು ಬಿಚ್ಚಿದ ಬಗೆ ನಮಗೆ ಬಹಳ ಮೆಚ್ಚಿಗೆಯಾಯಿತು. (ಅಗಸರ ನೀಲಿಗೂ ಅದೇ ಹೆಸರಿನದೊಂದು ಸೀಸೆಯಿರುವುದು ಕಾಕತಾಳೀಯವೇ ಇರಬೇಕು.) ಸಬ್ಸಿಡಿ ಕೊಡಲಿಲ್ಲ; ದೇಶಕ್ಕೆಲ್ಲ ಬೇಕಾದ ಬಲ್ಬುಗಳನ್ನು ಒಟ್ಟುಗೂಡಿಸಿ ಕೋಟಿಗಟ್ಟಲೆಯಾಗಿ ಟೆಂಡರು ಕರೆದರು. ಗಿರಾಕಿಯು ಪೂರಾ ಹಣವನ್ನು ಮೊದಲೇ ಕೊಡಬೇಕಾಗಿರಲಿಲ್ಲ. ಕರೆಂಟಿನ ಬಿಲ್ಲಿನೊಡನೆ ಕಂತಾಗಿ ತೆರಬಹುದಾಗಿದ್ದಿತು. ಕರ್ಣಾಟಕದಲ್ಲಿ ಈ ಯೋಜನೆ ‘ಹೊಸ ಬೆಳಕು’ ಎಂಬ ಹೆಸರಿನಿಂದ ಬಂದಿತು. 2016ಕ್ಕೆ ಸಗಟು ಬೆಲೆ 38 ರೂಪಾಯಿಗೆ ಇಳಿದಿದ್ದಿತು. 2025ರ ಆರಂಭದ ವೇಳೆಗೆ ಹಂಚಿದ ಬಲ್ಬುಗಳು 36 ಕೋಟಿಗೂ ಮಿಕ್ಕಿದ್ದುವು.

ಸಂಘಶಕ್ತಿಯಿಂದ ಕೊಳ್ಳುವವನು ಮಾರುವವನಿಗೆ ಸಮನಾಗಿ ನಿಲ್ಲಬಲ್ಲನೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾವು ಕಂಡಿಲ್ಲ. ಹಾಗೆಂದು ಇಳಿದ ಬೆಲೆಯ ಕೀರ್ತಿಯನ್ನೆಲ್ಲ ಯೋಜನೆಗೇ ಕಟ್ಟುವುದು ನ್ಯಾಯವಲ್ಲ. ಲೋಕದಾದ್ಯಂತ ಈ ಡಯೋಡುಗಳ ಬೆಲೆ ಆಗಲೇ ವರ್ಷದಿಂದ ವರ್ಷಕ್ಕೆ ಬೀಳುತ್ತಿದ್ದಿತು. ಇಂದಿಗೂ ನಮ್ಮ ಬಲ್ಬುಗಳೊಳಗಿನ ಹರಳುಗಳು ಬಹುಪಾಲು ಹೊರದೇಶಗಳಿಂದ ಬರುವುವು, ನಾವು ಕೂಡಿಸುವವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇದೇ ಗ್ಯಾಲಿಯಂ ನೈಟ್ರೈಡನ್ನು ವಿದ್ಯುತ್ತನ್ನು ಹತೋಟಿಯಲ್ಲಿಡುವ ಸಾಧನಗಳಿಗಾಗಿ ಬೆಳೆಸುವ ಕಾರ್ಯ ನಡೆದಿದೆ ಎಂಬುದೊಂದು ಸಮಾಧಾನ.

ಬಡವರ ಮನೆಯಲ್ಲಿ ಇದರಿಂದಾದ ವ್ಯತ್ಯಾಸವನ್ನು ಹೀಗೆ ಎಣಿಸಬಹುದು. ನಮ್ಮ ರಾಜ್ಯದ ಭಾಗ್ಯಜ್ಯೋತಿ ಯೋಜನೆಯಲ್ಲಿ ಬಹುಕಾಲ ತಿಂಗಳಿಗೆ 18 ಯೂನಿಟ್ಟು ಧರ್ಮಾರ್ಥವಾಗಿದ್ದಿತು. ರಾತ್ರಿಗೆ ಐದು ಗಂಟೆಯಂತೆ ಆ 18 ಯೂನಿಟ್ಟಿನಲ್ಲಿ 40 ವಾಟಿನ ಗಾಜಿನ ಬಲ್ಬುಗಳನ್ನು ಉರಿಸಿದರೆ ಮೂರು ಉರಿದಾವು. ಒಂಬತ್ತು ವಾಟಿನವನ್ನು ಉರಿಸಿದರೆ ಹದಿಮೂರು. ಒಂದೊಂದರ ಬೆಳಕೂ ಆ ನಲವತ್ತಕ್ಕಿಂತ ಹೆಚ್ಚು. ಅಡುಗೆಮನೆಗೊಂದು, ದನದ ಕೊಟ್ಟಿಗೆಗೊಂದು, ಬಚ್ಚಲಿಗೊಂದು. ಓದುವ ಹುಡುಗನಿಗೊಂದು, ಓದುವ ಹುಡುಗಿಗೊಂದು.

ಇರಲಿ, ಸತ್ತ ನಮ್ಮ ಬಲ್ಬಿಗೆ ಬರೋಣ. ಅದನ್ನು ಹೋಲ್ಡರಿನಿಂದ ಕಳಚಿ, ನೆರೆಮನೆಯ ಇಂಜಿನಿಯರಿಂಗ್ ವಿದ್ಯಾರ್ಥಿಯ ಸಹಾಯದಿಂದ ಮುಚ್ಚಳ ಬಿಡಿಸಿ ನೋಡಿದೆವು. (ಹೋಲ್ಡರಿನಲ್ಲಿರುವಾಗ ಯಾರೂ ಇದಕ್ಕೆ ಕೈಹಾಕಬಾರದು, ಪ್ರಾಣಕ್ಕೆ ಅಪಾಯ.) ದುಂಡನೆಯ ತಗಡಿನ ಮೇಲೆ ಹತ್ತಾರು ಹಳದಿ ಚುಕ್ಕೆಗಳು ಮದುವೆ ಚಪ್ಪರದ ಸರದೀಪದ ಹಾಗೆ ಒಂದರ ಹಿಂದೊಂದು ಪೋಣಿಸಿದ್ದುವು. ಅವುಗಳಲ್ಲಿ ಒಂದರ ನಡುವೆ ಸಾಸಿವೆಯಷ್ಟು ಕಪ್ಪು ಕಲೆ. ಅದೊಂದು ಸುಟ್ಟಿದ್ದರಿಂದ ಸರವೆಲ್ಲ ನಿಂತಿದ್ದಿತು. ಸುಟ್ಟದ್ದೇಕೆಂದರೆ ಶಾಖದಿಂದ. ಈ ದೀಪವೂ ಅಷ್ಟಿಷ್ಟು ಬಿಸಿಯಾಗುವುದು. ಆ ಬಿಸಿ ಹಿಂಬದಿಯಿಂದ ಗಾಳಿಗೆ ಸೇರಿಹೋಗಬೇಕು. ನಾವಾದರೋ ಅಂದಕ್ಕೆಂದು ಸುತ್ತಲೂ ಮುಚ್ಚಿದ ಗಾಜಿನ ಬೋಗುಣಿಯೊಳಗೆ ಅದನ್ನು ಕೂಡಿಹಾಕಿದ್ದೆವು! ತಯಾರಿಸಿದವರು ಚುಕ್ಕೆಗಳನ್ನು ಕಡಮೆಯಿಟ್ಟು ಒಂದೊಂದರಿಂದಲೂ ಹೆಚ್ಚು ದುಡಿಸಿಕೊಂಡ ತಪ್ಪು ಅರ್ಧ. ಉಸಿರು ಕಟ್ಟಿಸಿದ ತಪ್ಪು ನಮ್ಮದರ್ಧ. ಅಂಗಡಿಯವನೊಡನೆ ಜಗಳವಾಡದೆ ಇದ್ದುದು ಒಳ್ಳೆಯದೇ ಆಯಿತು.

ಆದುದರಿಂದ ಕೊಳ್ಳುವವರಿಗೆ ನಮ್ಮದೆರಡು ಮಾತು. ವಾಟನ್ನು ನೋಡಿ ಕೊಳ್ಳುವ ಹಳೆಯ ರೂಢಿಯನ್ನು ಬಿಟ್ಟು ಲೂಮೆನ್ ಎಷ್ಟೆಂದು ನೋಡತಕ್ಕದ್ದು. ವಾಟು ಖರ್ಚಿನ ಅಳತೆ, ಲೂಮೆನ್ ಬೆಳಕಿನ ಅಳತೆ. ಡಬ್ಬಿಯ ಮೇಲೆ ಐ.ಎಸ್. 16102 ಎಂಬ ಗುರುತೂ ನಕ್ಷತ್ರಗಳ ಚೀಟಿಯೂ ಉಂಟೋ ಎಂದು ನೋಡತಕ್ಕದ್ದು. 6500 ಕೆಲ್ವಿನ್ ಎಂದಿದ್ದರೆ ನೀಲಿಮಿಶ್ರವಾದ ಹಗಲುಬಿಳುಪು, ಅಡುಗೆಗೆ, ಹೊಲಿಗೆಗೆ ಹಿತ. 2700 ಅಥವಾ 3000 ಎಂದಿದ್ದರೆ ಸೊಡರಿನ ಹೊಂಬಣ್ಣ, ಮಲಗುವ ಕೋಣೆಗೆ ಹಿತ. ನಡುರಾತ್ರಿಯ ನೀಲಿಬೆಳಕು ನಿದ್ರೆಗೆ ಕಾರಣವಾದ ದೇಹದ್ರವವನ್ನು ತಡೆಯುವುದೆಂದು ವೈದ್ಯವಿಜ್ಞಾನಿಗಳು ಹೇಳುವರು.

ಇದೇ ಸಂದರ್ಭದಲ್ಲಿ ಮತ್ತೊಂದು ಸುದ್ದಿ. ನಮ್ಮ ಮನೆಗಳಲ್ಲಿ ಐವತ್ತು ವರ್ಷ ಬೆಳಗಿದ ಟ್ಯೂಬ್ ಲೈಟು ಇನ್ನು ಹೆಚ್ಚು ಕಾಲ ಇರದು. ಅದರೊಳಗೆ ಪಾದರಸವಿರುವುದರಿಂದ, ಅಂತಹ ದೀಪಗಳ ತಯಾರಿಕೆಯನ್ನೂ ಆಮದು ರಫ್ತನ್ನೂ 2027ರೊಳಗೆ ನಿಲ್ಲಿಸಬೇಕೆಂದು 2023ರಲ್ಲಿ ಜಿನೀವಾ ನಗರದಲ್ಲಿ ಸೇರಿದ ರಾಷ್ಟ್ರಗಳು ನಿಶ್ಚಯಿಸಿದುವು. ಅದು ಹೋದರೆ, ಮಾತು ತಡವಾಗಿ ತಲೆಗೆ ಹತ್ತುವ ನಂಟರನ್ನು ನಾವು ಮುಂದೆ ಏನೆಂದು ಕರೆಯಬೇಕೋ ತಿಳಿಯದು.

ಉತ್ಸಾಹದಲ್ಲಿ ಒಂದು ಸಂಗತಿಯನ್ನು ಮರೆಮಾಚಬಾರದು. ವಸ್ತುವು ಅಗ್ಗವಾದರೆ ಮನುಷ್ಯನು ಉಳಿಸುವುದಿಲ್ಲ, ಹೆಚ್ಚು ಬಳಸುವನು. ಇದನ್ನು 1865ರಲ್ಲಿಯೇ ಜೆವನ್ಸ್ ಎಂಬ ಆಂಗ್ಲ ಅರ್ಥಶಾಸ್ತ್ರಜ್ಞನು ಕಲ್ಲಿದ್ದಲಿನ ವಿಷಯದಲ್ಲಿ ಹೇಳಿದ್ದನು. ಬೆಳಕಿಗೂ ಹಾಗೆಯೇ ಆಗಿದೆ. ಅಂಗಡಿಯ ಹಲಗೆಗೆ, ಕಾಂಪೌಂಡಿನ ಗೋಡೆಗೆ, ತೆಂಗಿನ ಮರದ ಬೊಡ್ಡೆಗೆ ಕೂಡ ದೀಪ. ಲೋಕದ ನಾನಾ ಕಡೆಗಳಲ್ಲಿ ಸಾಮಾನ್ಯ ಜನರು 2011ರಿಂದ 2022ರ ವರೆಗೆ ನಕ್ಷತ್ರಗಳನ್ನು ಎಣಿಸಿ ಬರೆದಿಟ್ಟ ದಾಖಲೆಗಳನ್ನು ಪರಿಶೀಲಿಸಿದಾಗ, ರಾತ್ರಿಯ ಆಕಾಶವು ವರ್ಷಕ್ಕೆ ನೂರಕ್ಕೆ ಸುಮಾರು ಹತ್ತರಂತೆ ಬೆಳ್ಳಗಾಗುತ್ತಿದೆಯೆಂದು ಕಂಡುಬಂದಿತು. ಇದೇ ಗತಿಯಲ್ಲಿ ಹೋದರೆ, ಇನ್ನೂರೈವತ್ತು ನಕ್ಷತ್ರ ಕಾಣುವ ಊರಿನಲ್ಲಿ ಹುಟ್ಟಿದ ಕೂಸಿಗೆ ಹದಿನೆಂಟು ತುಂಬುವ ಹೊತ್ತಿಗೆ ನೂರು ಮಾತ್ರ ಉಳಿದಾವು. ಲಡಾಖಿನ ಹಾನ್ಲೆಯಲ್ಲಿ ಕತ್ತಲೆಯನ್ನೇ ಕಾಪಾಡುವ ಒಂದು ಕ್ಷೇತ್ರವನ್ನು 2022ರಲ್ಲಿ ಗೊತ್ತುಮಾಡಿದರು. ಅಲ್ಲಿನ ವೀಕ್ಷಣಾಲಯವನ್ನು ನಡೆಸುವವರು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು. ಬೆಂಗಳೂರಿನವರು ಕತ್ತಲೆಯನ್ನು ಹುಡುಕಿಕೊಂಡು ಹಿಮಾಲಯದಾಚೆಗೆ ಹೋಗಬೇಕಾಯಿತು! ನಮ್ಮ ಹಳ್ಳಿಯ ಅಂಗಳದಲ್ಲಿ ಅದು ಬಿಟ್ಟಿಯಾಗಿ ಬೇಕಾದಷ್ಟಿದ್ದಿತು. ಆಗ ಅದು ನಮಗೆ ಬೇಕಾಗಿರಲಿಲ್ಲ.

ಕಳೆದ ವಾರ ಅಕ್ಕ ನಮ್ಮ ಮನೆಗೆ ಬಂದಿದ್ದಳು. ಅವಳಿಗೆ ಈಗ ಎಪ್ಪತ್ತೆಂಟು. ಕಣ್ಣಿನ ಪೊರೆ ತೆಗೆಸಿದ ಮೇಲೆ ದಿನಕ್ಕೊಂದು ಕಾದಂಬರಿ ಮುಗಿಸುತ್ತಾಳೆ. ಅವಳಿಗೆಂದು ಹೊಂಬಣ್ಣದ ಹೊಸ ದೀಪವೊಂದನ್ನು ತಂದು, ಈ ಸಲ ಬೋಗುಣಿಯಿಲ್ಲದೆ, ಹಾಸಿಗೆಯ ತಲೆಗಡೆ ಹಾಕಿಸಿದೆವು. ರಾತ್ರಿ ಹನ್ನೊಂದಕ್ಕೆ ನಾವು ನೀರಿಗೆಂದು ಎದ್ದಾಗ ಕೋಣೆಯಲ್ಲಿ ಬೆಳಕಿದ್ದಿತು. ನಮ್ಮ ಹೆಜ್ಜೆಯ ಸದ್ದು ಕೇಳುತ್ತಲೇ ಟಪ್ಪೆಂದು ದೀಪ ಶಾಂತವಾಯಿತು.

“ಓದಕ್ಕಾ, ಏಕೆ ನಿಲ್ಲಿಸಿದೆ?” ಎಂದೆವು.

ಕತ್ತಲೆಯಲ್ಲಿ ಸ್ವಲ್ಪ ಹೊತ್ತು ಮಾತಿಲ್ಲ. ತರುವಾಯ, “ಗಂಟೆಗೆ ಎಷ್ಟಾಗುತ್ತೋ ಇದಕ್ಕೆ?” ಎಂದಳು.

ಆರು ಪೈಸೆಯೂ ಆಗದೆಂದು ಹೇಳಿದೆವು. ಅವಳು ಬೆರಳು ಮಡಿಸಿ ಏನನ್ನೋ ಎಣಿಸಿಕೊಂಡಂತೆ ತೋರಿತು. ಮತ್ತೆ ಟಪ್ಪೆಂದು ಸದ್ದಾಯಿತು. ಬಾಗಿಲಿನ ಸಂದಿಯಲ್ಲಿ ಬೆಳಕು ಕಂಡಿತು. ಬೆಳಗಿನ ಜಾವ ನಾವು ಮತ್ತೊಮ್ಮೆ ಎದ್ದಾಗಲೂ ಅದು ಉರಿಯುತ್ತಲೇ ಇದ್ದಿತು.